ಹಳೇ ಕಪ್ಪು-ಬಿಳುಪು ಫೋಟೋದಲ್ಲಿರುವ ಕಾರು ಯಾವುದು? ಪತ್ತೆ ಹಚ್ಚುವ ಬಗೆ

ಹಳೇ ಮನೆಗಳ ಟ್ರಂಕು ತೆಗೆದರೆ ಇಂಥ ಫೋಟೋ ಒಂದಾದರೂ ಸಿಗುತ್ತದೆ. ರುಮಾಲು ಸುತ್ತಿದ ಹಿರಿಯರು ಸಾಲಾಗಿ ನಿಂತಿದ್ದಾರೆ. ಅವರ ಹಿಂದೆ ಒಂದು ಮೋಟಾರು ಕಾರು. ಫೋಟೋದ ಬೆನ್ನಿನ ಮೇಲೆ ಹೆಸರಿಲ್ಲ, ತಾರೀಖಿಲ್ಲ. ‘ಅದು ಮುತ್ತಜ್ಜನ ರೋಲ್ಸ್ ರಾಯ್ಸ್ ಅಂತೆ’ ಅನ್ನುವ ಮಾತು ಮಾತ್ರ ಮನೆಯಲ್ಲಿ ಓಡಾಡುತ್ತಿರುತ್ತದೆ. ನಿಧಾನವಾಗಿ ನೋಡಿದರೆ ಸಾಮಾನ್ಯವಾಗಿ ಅದು ಫೋರ್ಡೋ ಷೆವರ್ಲೆಯೋ ಆಗಿರುತ್ತದೆ. ಕಾರು ಮುತ್ತಜ್ಜನದೇ ಆಗಿರಬೇಕು ಅಂತಲೂ ಇಲ್ಲ. ಆ ಕಾಲದಲ್ಲಿ ಯಾರದೇ ಕಾರು ಊರಿಗೆ ಬಂದರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು ಸಹಜವಾಗಿತ್ತು.

ಕಾರನ್ನು ಗುರುತಿಸಲು ಹೊರಟವರು ಮೊದಲು ಕಂಪನಿ ಹೆಸರು ಹುಡುಕುತ್ತಾರೆ. ಹಾಗೆ ಮಾಡಬೇಡಿ, ಮೊದಲು ಕಾಲ ಹುಡುಕಿ. 1930ಕ್ಕೆ ಮುಂಚೆ ಅಮೆರಿಕ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಕಂಪನಿಗಳು ಕಾರು ಮಾಡಿ ನೋಡಿದ್ದವು. ಒಂದೇ ವರ್ಷದ ಇಪ್ಪತ್ತು ಕಂಪನಿಗಳ ಕಾರು ಅಕ್ಕಪಕ್ಕ ನಿಲ್ಲಿಸಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ 1908ರ ಕಾರಿಗೂ 1918ರ ಕಾರಿಗೂ ಇರುವ ವ್ಯತ್ಯಾಸ ಯಾರ ಕಣ್ಣಿಗಾದರೂ ಬೀಳುತ್ತದೆ. ಕಾಲ ಗೊತ್ತಾದರೆ ಮುಕ್ಕಾಲು ಪಾಲು ಹೆಸರುಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಮೊದಲು ಫೋಟೋವನ್ನು ಸರಿಯಾಗಿ ತೆಗೆದುಕೊಳ್ಳಿ

ಸ್ಕ್ಯಾನರ್ ಇದ್ದರೆ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಟಿಫ್ ಫೈಲಾಗಿ ಇಟ್ಟುಕೊಳ್ಳಿ. ಹಳೇ ಚಿಕ್ಕ ಫೋಟೋಗಳನ್ನು ಕಡೆಗಣಿಸಬೇಡಿ. ಅವುಗಳಲ್ಲಿ ಹೆಚ್ಚಿನವು ನೆಗೆಟಿವನ್ನು ನೇರವಾಗಿ ಕಾಗದದ ಮೇಲಿಟ್ಟು ಮಾಡಿದ ಪ್ರಿಂಟುಗಳು. ಅಂಗೈಯಷ್ಟೇ ಇದ್ದರೂ ಹಿಗ್ಗಿಸಿದಾಗ ಬೆರಗಾಗುವಷ್ಟು ವಿವರ ಹೊರಬರುತ್ತದೆ. ಆಲ್ಬಮ್ಮಿಗೆ ಅಂಟಿಕೊಂಡಿರುವ ಫೋಟೋವನ್ನು ಎಬ್ಬಲು ಹೋಗಬೇಡಿ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಆಲ್ಬಮ್ ಇಟ್ಟು, ಮೊಬೈಲನ್ನು ಸಮಾನಾಂತರವಾಗಿ ಹಿಡಿದು ತೆಗೆದರೆ ಸಾಕು.

ಆಮೇಲೆ ಬೆಳಕು ಹೆಚ್ಚಿಸಿ ನೆರಳಿರುವ ಜಾಗಗಳನ್ನು ನೋಡಿ: ಬಾನೆಟ್ಟಿನ ಕೆಳಗೆ, ಮುಂದಿನ ಆಕ್ಸಲ್ (ಎರಡು ಚಕ್ರ ಸೇರಿಸುವ ಅಡ್ಡಕಂಬಿ) ಹತ್ತಿರ, ಫುಟ್‌ಬೋರ್ಡಿನ ಕೆಳಗೆ. ಅರ್ಧ ಸುಳಿವು ಅಲ್ಲೇ ಇರುತ್ತದೆ. ಆದರೆ ಈಗಿನ ಎಐ ಆ್ಯಪುಗಳಿಗೆ ಫೋಟೋ ಕೊಟ್ಟು ‘ಸ್ಪಷ್ಟ’ ಮಾಡಿಸಬೇಡಿ. ಅವು ಮಸುಕಾದ ಜಾಗದಲ್ಲಿ ತಮಗೆ ತೋಚಿದ್ದನ್ನು ಬರೆಯುತ್ತವೆ. ಮೂತಿಯಲ್ಲಿರುವ ರೇಡಿಯೇಟರ್ (ಇಂಜಿನ್ ತಣಿಸುವ ಜಾಲರಿ) ಮೇಲೆ ಇಲ್ಲದ ಅಕ್ಷರ ಮೂಡುತ್ತದೆ, ಹನ್ನೆರಡು ಕಡ್ಡಿಯ ಚಕ್ರಕ್ಕೆ ಹದಿನಾಲ್ಕು ಕಡ್ಡಿ ಬರುತ್ತದೆ. ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕಲು ಚೆಂದ. ಪತ್ತೇದಾರಿಕೆಗೆ ಅದು ಶತ್ರು.

ಫೋಟೋ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗಿದೆಯಾ ಅಂತಲೂ ನೋಡಿಕೊಳ್ಳಿ. ನೆಗೆಟಿವನ್ನು ತಿರುವಿ ಹಾಕಿ ಪ್ರಿಂಟ್ ಮಾಡಿದ್ದರೆ ಬಲಗಡೆಯ ಸ್ಟೀರಿಂಗ್ ಎಡಕ್ಕೆ ಬರುತ್ತದೆ, ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ನಂಬರ್ ಪ್ಲೇಟು, ಅಂಗಡಿ ಬೋರ್ಡು ಕಂಡರೆ ಸುಲಭ. ಇಲ್ಲದಿದ್ದರೆ ಜನರನ್ನು ನೋಡಿ. ಬರೀ ಮೈಯಲ್ಲಿ ನಿಂತ ಹಿರಿಯರ ಜನಿವಾರ ಎಡ ಭುಜದ ಮೇಲೆ ಇರಬೇಕು. ಬಲ ಭುಜದ ಮೇಲೆ ಇದ್ದರೆ, ಶ್ರಾದ್ಧದ ದಿನ ಕಾರಿನ ಮುಂದೆ ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲವಾದ್ದರಿಂದ, ಪ್ರಿಂಟೇ ಉಲ್ಟಾ. ಕೋಟಿನ ಗುಂಡಿಯೂ ಇದೇ ಕೆಲಸಕ್ಕೆ ಬರುತ್ತದೆ.

ಬಣ್ಣದ ವಿಷಯ ಇನ್ನೊಂದು ಮೋಸ. 1920ರ ದಶಕದ ಕೊನೆಯವರೆಗೂ ಹೆಚ್ಚಾಗಿ ಬಳಕೆಯಲ್ಲಿದ್ದ ಫಿಲ್ಮಿಗೆ ಕೆಂಪು ಬಣ್ಣ ‘ಕಾಣುತ್ತಿರಲಿಲ್ಲ’. ಕೆಂಪು ಕಾರು ಕರ್ರಗೆ ಬರುತ್ತಿತ್ತು, ನೀಲಿ ಕಾರು ಬೆಳ್ಳಗೆ ಬರುತ್ತಿತ್ತು. ಹಾಗಾಗಿ ಫೋಟೋದಲ್ಲಿ ಕಪ್ಪು ಕಂಡರೆ ಅದು ಕಪ್ಪು ಕಾರು ಅಂತ ಬರೆದಿಡಬೇಡಿ.

ಕಾಲ ಹೇಳುವ ಭಾಗಗಳು

ಒಂದು ನಿಯಮ ಗಟ್ಟಿಯಾಗಿ ಹಿಡಿದುಕೊಳ್ಳಿ. ಕಾರಿನಲ್ಲಿ ಕಾಣುವ ಅತಿ ಹೊಸ ಭಾಗಕ್ಕಿಂತ ಫೋಟೋ ಹಳೆಯದಾಗಿರಲು ಸಾಧ್ಯವಿಲ್ಲ. ಆದರೆ ಎಷ್ಟು ಬೇಕಾದರೂ ಹೊಸದಾಗಿರಬಹುದು. ನಮ್ಮ ಕಡೆ ಒಂದು ಕಾರನ್ನು ಹದಿನೈದು ಇಪ್ಪತ್ತು ವರ್ಷ ಓಡಿಸಿದ್ದು ಅಪರೂಪವೇನಲ್ಲ. ಆದ್ದರಿಂದ ಕಾರಿನ ವರ್ಷ ಬೇರೆ, ಫೋಟೋದ ವರ್ಷ ಬೇರೆ.

ಬಾಗಿಲಿನಿಂದ ಶುರು ಮಾಡಿ. ಸುಮಾರು 1910ಕ್ಕೆ ಮುಂಚಿನ ತೆರೆದ ಕಾರುಗಳಲ್ಲಿ ಮುಂದಿನ ಸೀಟಿಗೆ ಬಾಗಿಲೇ ಇರುವುದಿಲ್ಲ. ಡ್ರೈವರಿನ ಕಾಲು, ಪಂಚೆ, ಬೂಟು ಎಲ್ಲ ಹೊರಗೆ ಕಾಣುತ್ತವೆ. 1911–12ರಿಂದ ಮುಂದಿನ ಬಾಗಿಲು ಸಾಮಾನ್ಯವಾಯಿತು. ಅದಕ್ಕೂ ಹಿಂದಿನ ಕಾರಾದರೆ ಗುಂಡನೆಯ ಸ್ಟೀರಿಂಗ್ ಬದಲು ಉದ್ದನೆಯ ಹಿಡಿಕೆ ಇರಬಹುದು. 1901ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಕರ್ವ್ಡ್ ಡ್ಯಾಶ್ ಹಾಗೇ ಇತ್ತು. ಭಾರತಕ್ಕೆ ಮೊದಲ ಕಾರುಗಳು ಬಂದದ್ದು 1897–98ರ ಹೊತ್ತಿಗೆ. ಹಾಗಾಗಿ ಅಂಥ ಫೋಟೋ ನಮ್ಮ ಮನೆಗಳಲ್ಲಿ ಸಿಕ್ಕರೆ ಅದೃಷ್ಟವೇ.

ನಂತರ ಬಾನೆಟ್ಟು ಮತ್ತು ಗಾಜಿನ ನಡುವಿನ ಜಾಗ. ಹಳೆಯ ಕಾರಿನಲ್ಲಿ ಬಾನೆಟ್ಟು ಒಂದು ನೆಟ್ಟಗಿನ ಹಲಗೆಗೆ ಹೋಗಿ ಡಿಕ್ಕಿ ಹೊಡೆದಂತೆ ನಿಲ್ಲುತ್ತದೆ. 1913–15ರ ಹೊತ್ತಿಗೆ ಆ ಜಾಗ ಬಾಗಿ, ಬಾನೆಟ್ಟಿನಿಂದ ಬಾಡಿಯವರೆಗೆ ಗೆರೆ ಹರಿದು ಹೋಗುವಂತಾಯಿತು. ಮಡ್‌ಗಾರ್ಡು ಕೂಡ ಹಾಗೇ: ಮೊದಲು ಚಪ್ಪಟೆ ತಗಡು, ಆಮೇಲೆ ಬೆನ್ನು ಉಬ್ಬಿದ್ದು, 1933–34ರ ನಂತರ ಬದಿಗೆ ಸೆರಗು ಇಳಿಬಿಟ್ಟಿದ್ದು. ಹೊರಗೆ ಗಾಜಿನ ಮೇಲೆ ಟೋಪಿಯ ಅಂಚಿನಂಥ ಬಿಸಿಲ ತಡೆ ಇರುವ ಮುಚ್ಚಿದ ಕಾರಾದರೆ 1920ರ ದಶಕ ಅಂತ ಹೆಚ್ಚು ಕಡಿಮೆ ಧೈರ್ಯವಾಗಿ ಹೇಳಬಹುದು.

ದೀಪಗಳು ಹೆಚ್ಚು ಮಾತಾಡುತ್ತವೆ, ಸ್ವಲ್ಪ ಸುಳ್ಳನ್ನೂ ಹೇಳುತ್ತವೆ. ಮೊದಲಿಗೆ ಸೀಮೆಎಣ್ಣೆ ದೀಪ ಮತ್ತು ಕಾರ್ಬೈಡ್ ಗ್ಯಾಸಿನ ಹೆಡ್‌ಲೈಟು. ಫುಟ್‌ಬೋರ್ಡಿನ ಮೇಲೆ ಒಂದು ಹಿತ್ತಾಳೆ ಡಬ್ಬಿ, ಅಲ್ಲಿಂದ ದೀಪಕ್ಕೆ ರಬ್ಬರ್ ಕೊಳವೆ ಕಂಡರೆ ಅದು ಕಾರ್ಬೈಡ್. 1912ರಲ್ಲಿ ಕ್ಯಾಡಿಲ್ಯಾಕ್ ವಿದ್ಯುತ್ ಸ್ಟಾರ್ಟರು ಮತ್ತು ವಿದ್ಯುತ್ ದೀಪವನ್ನು ಕಾರಿನ ಜೊತೆಗೇ ಕೊಟ್ಟಿತು. ನಾಲ್ಕೈದು ವರ್ಷದಲ್ಲಿ ಎಲ್ಲರೂ ಹಿಂಬಾಲಿಸಿದರು. ಮೋಸ ಎಲ್ಲಿ ಅಂದರೆ, ಹಳೇ ಕಾರಿಗೆ ಹೊಸ ದೀಪ ಹಾಕಿಸುವುದು ಬಲು ಸುಲಭ. ಟೈರೂ ಹಾಗೇ. ಬಾಡಿಯ ಗೆರೆ ಒಂದು ಕಾಲ ಹೇಳಿ, ದೀಪ ಇನ್ನೊಂದು ಹೇಳಿದರೆ ಕಾರಿನ ವಯಸ್ಸಿಗೆ ಬಾಡಿಯನ್ನು, ಫೋಟೋದ ವಯಸ್ಸಿಗೆ ದೀಪವನ್ನು ನಂಬಿ.

ಚಕ್ರದ ವಿಷಯದಲ್ಲಿ ನೋಡಬೇಕಾದ್ದು ಮೂರು. ಟೈರು ಬೆಳ್ಳಗಿದೆಯಾ? ಮೊದಲ ಟೈರುಗಳು ತಿಳಿ ಬಣ್ಣದವು. ರಬ್ಬರಿಗೆ ಕಾರ್ಬನ್ ಕಪ್ಪು ಸೇರಿಸುವುದು 1910ರ ದಶಕದಲ್ಲಿ ಹಬ್ಬಿತು. ಟೈರು ದಪ್ಪಗಿದೆಯಾ? ಕಡಿಮೆ ಗಾಳಿಯ ದಪ್ಪ ಬಲೂನ್ ಟೈರು 1923ರ ನಂತರದ್ದು. ಮುಂದಿನ ಚಕ್ರದ ನಡುವೆ ಬ್ರೇಕಿನ ಡ್ರಮ್ಮು (ದುಂಡನೆಯ ಡಬ್ಬಿ) ಇದೆಯಾ? ಮುಂದಿನ ಚಕ್ರ ಬರೀ ಕಡ್ಡಿಗಳಿಂದ ತುಂಬಿ ಖಾಲಿಖಾಲಿಯಾಗಿ ಕಂಡರೆ ಸಾಮಾನ್ಯವಾಗಿ 1924ಕ್ಕೆ ಹಿಂದಿನ ಕಾರು. ಡ್ರಮ್ಮು ಕಂಡರೆ ಆಮೇಲಿನದು. ಕೆಲವು ಅಗ್ಗದ ಕಾರುಗಳು 1927ರವರೆಗೂ ಹಿಂದಿನ ಬ್ರೇಕಿನಲ್ಲೇ ಕಾಲ ತಳ್ಳಿದವು.

ತೆರೆದ ಕಾರೋ ಮುಚ್ಚಿದ ಕಾರೋ ಎಂಬುದರಿಂದ ಅಮೆರಿಕದ ಫೋಟೋ ಆದರೆ ಕಾಲ ಊಹಿಸಬಹುದು. 1919ರ ಸುಮಾರಿಗೆ ಅಲ್ಲಿ ಹತ್ತರಲ್ಲಿ ಒಂಬತ್ತು ಕಾರು ತೆರೆದವು. 1920ರ ದಶಕ ಮುಗಿಯುವ ಹೊತ್ತಿಗೆ ಲೆಕ್ಕ ಪೂರ್ತಿ ತಿರುಗಿತ್ತು. ನಮ್ಮಲ್ಲಿ ಬಟ್ಟೆ ಟಾಪಿನ ಕಾರು ಇನ್ನೂ ಜಾಸ್ತಿ ವರ್ಷ ಉಳಿಯಿತು, ಸೆಖೆ ಅಲ್ವಾ. ಹಾಗಾಗಿ ಇಲ್ಲಿ ಈ ಸುಳಿವನ್ನು ನೆಚ್ಚಿಕೊಳ್ಳಬೇಡಿ.

ಈಗ ಮುಖ ನೋಡಿ

ಕಾಲ ಒಂದು ಹಂತಕ್ಕೆ ಬಂದ ಮೇಲೆ ರೇಡಿಯೇಟರ್ ನೋಡಿ. ಆ ಕಾಲದ ಕಂಪನಿಗಳ ಸಹಿ ಇದ್ದದ್ದು ಅಲ್ಲೇ. ಪೂರ್ತಿ ರೇಡಿಯೇಟರ್ ಅಲ್ಲ, ಅದರ ಮೇಲಂಚಿನ ಆಕಾರ ಮುಖ್ಯ.

ಮೇಲಂಚು ಗ್ರೀಕ್ ದೇವಸ್ಥಾನದ ಮುಂಭಾಗದಂತೆ ಚೂಪಾಗಿ, ಬದಿಗಳು ನೆಟ್ಟಗೆ ಇದ್ದರೆ ಮಾತ್ರ ರೋಲ್ಸ್ ರಾಯ್ಸ್ ಬಗ್ಗೆ ಯೋಚಿಸಿ. ತುದಿಯಲ್ಲಿರುವ ಹೆಣ್ಣಿನ ಬೊಂಬೆ 1911ರಲ್ಲಿ ಬಂದದ್ದು. ಬೊಂಬೆ ಇದ್ದ ಮಾತ್ರಕ್ಕೆ ರೋಲ್ಸ್ ಅಲ್ಲ, ಇಲ್ಲದ ಮಾತ್ರಕ್ಕೆ ಬೇರೆಯದೂ ಅಲ್ಲ. ರೇಡಿಯೇಟರ್ ಮುಚ್ಚಳದ ಮೇಲೆ ಜನ ತಮಗಿಷ್ಟ ಬಂದದ್ದನ್ನು ಕೂರಿಸುತ್ತಿದ್ದರು. ಮೇಲಂಚು ಪೂರ್ತಿ ದುಂಡಾಗಿ ಉಬ್ಬಿದ್ದರೆ ಬುಲ್‌ನೋಸ್ ಮಾರಿಸ್. 1913ರಿಂದ 1926ರವರೆಗೆ ಬಂತು, ಆಮೇಲೆ ಮೂತಿ ಚಪ್ಪಟೆಯಾಯಿತು. ಎರಡು ಬದಿಯಲ್ಲೂ ಭುಜ ಇಳಿಬಿಟ್ಟಂತೆ ಬಾಗಿ, ಅದೇ ಗೆರೆ ಬಾನೆಟ್ಟಿನ ಮೇಲೂ ಮುಂದುವರಿದರೆ ಪ್ಯಾಕರ್ಡ್. ರೇಡಿಯೇಟರಿನ ನೆತ್ತಿಯ ಮೇಲೆ ಸಾಲುಸಾಲು ಉಬ್ಬು-ತಗ್ಗು ಇದ್ದರೆ ಇಂಗ್ಲೆಂಡಿನ ಡೈಮ್ಲರ್. ಬಾನೆಟ್ಟಿನ ಎರಡು ಅಂಚಿನಲ್ಲಿ ಉದ್ದಕ್ಕೆ ಕೊರೆದ ತೋಡು ಇದ್ದರೆ ವಾಕ್ಸ್‌ಹಾಲ್. ಹೆಡ್‌ಲೈಟು ಮಡ್‌ಗಾರ್ಡಿನೊಳಗಿಂದಲೇ ಎದ್ದು ಬಂದಿದ್ದರೆ ಮತ್ತು ಕಾಲ 1914–30 ಆಗಿದ್ದರೆ ಪಿಯರ್ಸ್-ಆ್ಯರೋ.

ಮುಂದೆ ರೇಡಿಯೇಟರೇ ಕಾಣದಿದ್ದರೆ? ಬಾನೆಟ್ಟು ಮುಂದಕ್ಕೆ ಇಳಿಜಾರಾಗಿ ಇಳಿದುಹೋಗಿದ್ದರೆ ಬಹುಶಃ ರೆನೋ. ಅವರು ರೇಡಿಯೇಟರನ್ನು ಇಂಜಿನ್ನಿನ ಹಿಂದೆ ಇಡುತ್ತಿದ್ದರು. 1914ರಲ್ಲಿ ಪ್ಯಾರಿಸ್ಸಿನಿಂದ ಮಾರ್ನ್ ಯುದ್ಧಕ್ಕೆ ಸೈನಿಕರನ್ನು ಸಾಗಿಸಿದ ಟ್ಯಾಕ್ಸಿಗಳು ಈ ಮೂತಿಯವೇ. ಅಮೆರಿಕದ ಫ್ರ್ಯಾಂಕ್ಲಿನ್ ಗಾಳಿಯಿಂದ ತಣಿಯುವ ಕಾರು. ಅದಕ್ಕೂ ನಿಜವಾದ ರೇಡಿಯೇಟರ್ ಇರಲಿಲ್ಲ.

ಬ್ಯಾಡ್ಜು ಓದಲಾಗದಿದ್ದರೂ ಅದರ ಆಕಾರ ಸಿಗುತ್ತದೆ. ಬೋ ಟೈ (ಕತ್ತಿಗೆ ಕಟ್ಟುವ ಚಿಟ್ಟೆಯಂಥ ಟೈ) ಆಕಾರ ಷೆವರ್ಲೆ, 1913ರಿಂದ. ತ್ರಿಕೋನ ಹಡ್ಸನ್. ಒಂದರ ಮೇಲೊಂದು ತ್ರಿಕೋನ ಸೇರಿ ಆರು ಮೂಲೆಯ ನಕ್ಷತ್ರ ಆಗಿದ್ದರೆ ಡಾಡ್ಜ್ ಬ್ರದರ್ಸ್. ಅವರ ಮೊದಲ ಕಾರು ಬಂದದ್ದು 1914ರ ಕೊನೆಗೆ. ಇದೆಲ್ಲಕ್ಕಿಂತ ನನಗೆ ಹೆಚ್ಚು ನಂಬಿಕೆ ಇರುವುದು ಚಕ್ರದ ನಡುವಿನ ಹಬ್ ಕ್ಯಾಪಿನ ಮೇಲೆ. ರೇಡಿಯೇಟರಿನ ಮುಂದೆ ಯಾರಾದರೂ ನಿಂತೇ ಇರುತ್ತಾರೆ. ಚಕ್ರದ ಮುಂದೆ ನಿಲ್ಲುವವರು ಕಡಿಮೆ. ಆ ಪುಟ್ಟ ಬಿಲ್ಲೆಯ ಮೇಲೆ ಕಂಪನಿಯ ಹೆಸರು ಕೆತ್ತಿರುತ್ತಾರೆ. ಚಕ್ರ ತಿರುಗಿದಂತೆ ಹೆಸರು ಓರೆಯಾಗಿರುತ್ತದೆ, ಫೋಟೋವನ್ನು ತಿರುಗಿಸಿ ತಿರುಗಿಸಿ ಓದಿ. ಕಡ್ಡಿಗಳನ್ನೂ ಎಣಿಸಿ. ಮುಂದೆ ಹತ್ತು, ಹಿಂದೆ ಹನ್ನೆರಡು ಇಟ್ಟ ಕಂಪನಿಗಳು ಬೇಕಾದಷ್ಟಿವೆ. ಆ ಲೆಕ್ಕ ಆಮೇಲೆ ಹೋಲಿಸಿ ನೋಡಲು ಬರುತ್ತದೆ.

ಮೊದಲು ಫೋರ್ಡ್ ಹೌದಾ ಅಲ್ಲವಾ ನೋಡಿಬಿಡಿ

ಫೋರ್ಡ್ ಮಾಡೆಲ್ ಟಿ 1908ರಿಂದ 1927ರವರೆಗೆ ಬಂತು, ಒಟ್ಟು ಸುಮಾರು 1.5 ಕೋಟಿ ಕಾರು. 1920ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಇದೇ. ಆದ್ದರಿಂದ ಯಾವುದೇ ಫೋಟೋ ಸಿಕ್ಕರೂ ಇದನ್ನು ಮೊದಲು ಪರೀಕ್ಷಿಸಿ ಪಕ್ಕಕ್ಕಿಡುವುದು ಜಾಣತನ.

ಪರೀಕ್ಷೆ ಬಹಳ ಸುಲಭ. ಮುಂದಿನಿಂದ ನೋಡಿದಾಗ ರೇಡಿಯೇಟರಿನ ಕೆಳಗೆ, ಆಕ್ಸಲ್ ಮೇಲೆ, ಒಂದೇ ಒಂದು ಕಮಾನು ಪಟ್ಟಿ (ಸ್ಪ್ರಿಂಗ್) ಈ ಚಕ್ರದಿಂದ ಆ ಚಕ್ರದವರೆಗೆ ಅಡ್ಡಡ್ಡ ಬಾಗಿದ್ದರೆ ಅದು ಫೋರ್ಡ್. ಬೇರೆ ಹೆಚ್ಚಿನ ಕಾರುಗಳಲ್ಲಿ ಕಮಾನು ಪಟ್ಟಿ ಎರಡು. ಅವು ಚಾಸಿಯ (ಕಾರಿನ ಅಡಿಗಟ್ಟಿನ) ಉದ್ದಕ್ಕೆ ಇರುತ್ತವೆ, ಅವುಗಳ ಮೂತಿ ರೇಡಿಯೇಟರಿಗಿಂತ ಮುಂದಕ್ಕೆ ಚಾಚಿರುತ್ತದೆ. 1922ರ ನಂತರದ ಆಸ್ಟಿನ್ ಸೆವೆನ್‌ಗೂ ಅಡ್ಡ ಪಟ್ಟಿ ಇದೆ. ಆದರೆ ಅದು ಎಷ್ಟು ಪುಟ್ಟದೆಂದರೆ ಪಕ್ಕದಲ್ಲಿ ನಿಂತವರೇ ಅದಕ್ಕಿಂತ ದೊಡ್ಡದಾಗಿ ಕಾಣುತ್ತಾರೆ.

ಫೋರ್ಡ್ ಅಂತ ಖಾತ್ರಿಯಾದರೆ ವರ್ಷ ಹಿಡಿಯುವುದು ಹೀಗೆ. ರೇಡಿಯೇಟರ್ ಹೊಳೆಯುತ್ತಿದ್ದು, ಮಡ್‌ಗಾರ್ಡು ಚಪ್ಪಟೆಯಾಗಿದ್ದರೆ 1916 ಅಥವಾ ಅದಕ್ಕೂ ಮುಂಚೆ. ಹಿತ್ತಾಳೆ ಕಾಲ ಅದು. ಹೊಳೆಯುವ ರೇಡಿಯೇಟರ್ ಜೊತೆ ವಿದ್ಯುತ್ ದೀಪ ಇದ್ದರೆ 1915–16. ಕಾರ್ಬೈಡ್ ದೀಪ ಮತ್ತು ಬಾನೆಟ್ಟಿನ ಹಿಂದೆ ನೆಟ್ಟಗಿನ ಹಲಗೆ ಇದ್ದರೆ ಇನ್ನೂ ಹಳೆಯದು. 1917ರ ಮಾಡೆಲಿನಿಂದ ರೇಡಿಯೇಟರಿಗೆ ಕಪ್ಪು ಕವಚ, ಉಬ್ಬಿದ ಮಡ್‌ಗಾರ್ಡು ಬಂದವು. 1923ರ ಹೊತ್ತಿಗೆ ಮುಂದಿನ ಗಾಜು ಹಿಂದಕ್ಕೆ ಓರೆಯಾಯಿತು. 1926–27ರ ಕಾರು ಸ್ವಲ್ಪ ತಗ್ಗು, ಬಾನೆಟ್ಟು ಉದ್ದ, ಕೆಲವಕ್ಕೆ ತಂತಿ ಚಕ್ರ. ಆಮೇಲೆ 1928–31ರಲ್ಲಿ ಮಾಡೆಲ್ ಎ ಬಂತು. ಅದರಲ್ಲಿ ತಂತಿ ಚಕ್ರ, ನಾಲ್ಕೂ ಚಕ್ರಕ್ಕೆ ಬ್ರೇಕು, ಮುಂದಿನ ಗಾಜಿನ ಮುಂದೆಯೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ.

ನಮ್ಮ ಫೋಟೋಗಳಿಗೆ ಒಂದು ತಿದ್ದುಪಡಿ ಬೇಕು. ಬ್ರಿಟನ್ ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ಉಳಿದ ದೇಶಗಳಿಗೆ ಫೋರ್ಡ್ ಬರುತ್ತಿದ್ದದ್ದು ಕೆನಡಾದಿಂದ. ಬಲಗಡೆ ಸ್ಟೀರಿಂಗು, ಮುಂದೆ ಎರಡೂ ಕಡೆ ತೆರೆಯುವ ಬಾಗಿಲು. ಅಮೆರಿಕದ ತೆರೆದ ಕಾರುಗಳಲ್ಲಿ ಬಹಳ ವರ್ಷ ಡ್ರೈವರ್ ಕಡೆ ಬಾಗಿಲಿನ ಗೆರೆ ಮಾತ್ರ ಇತ್ತು, ಬಾಗಿಲು ಇರಲಿಲ್ಲ. ಓರೆ ಗಾಜಿನಂಥ ಕೆಲವು ಬದಲಾವಣೆ ಕೆನಡಾದಲ್ಲಿ ಮೊದಲೇ ಬಂದವು. ಅಮೆರಿಕದ ಪಟ್ಟಿ ಇಟ್ಟುಕೊಂಡು ನೋಡಿದರೆ ನಮ್ಮ ಕಾರು ನಿಜಕ್ಕಿಂತ ಒಂದೆರಡು ವರ್ಷ ಹೊಸದಾಗಿ ಕಾಣಬಹುದು. ಸ್ಟೀರಿಂಗ್ ಕಡೆಯ ಬಗ್ಗೆ ಇನ್ನೊಂದು ಮಾತು: 1910ರ ಮುಂಚಿನ ಬಹಳಷ್ಟು ಅಮೆರಿಕನ್ ಕಾರುಗಳಿಗೂ ಬಲಗಡೆಯೇ ಸ್ಟೀರಿಂಗ್ ಇತ್ತು. ಬಲಗಡೆ ಕಂಡ ತಕ್ಷಣ ಇಂಗ್ಲೆಂಡ್ ಅನ್ನಬೇಡಿ.

ಇನ್ನು ಬಾಡಿ. ಚಾಸಿಯನ್ನಷ್ಟೇ ತರಿಸಿ ಇಲ್ಲೇ ಬಾಡಿ ಕಟ್ಟಿಸುವ ರೂಢಿ ಇತ್ತು, ಬಸ್ಸುಗಳಿಗಂತೂ ಹಾಗೇ. ಅಂಥ ಗಾಡಿಯಲ್ಲಿ ಗಾಜಿನ ಹಿಂದಿನದೆಲ್ಲ ಸ್ಥಳೀಯ ಬಡಗಿಯ ಕೈಕೆಲಸ. ಅಲ್ಲಿ ಕಂಪನಿ ಹುಡುಕಬೇಡಿ. ಗಾಜಿನ ಮುಂದಿನದನ್ನು ಮಾತ್ರ ನೋಡಿ. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬೈಯಲ್ಲಿ ಬಿಡಿ ಭಾಗ ಜೋಡಿಸುವ ಕಾರ್ಖಾನೆ ತೆರೆದ ಮೇಲೆ ಷೆವರ್ಲೆ ನಮ್ಮ ರಸ್ತೆಗಳಲ್ಲಿ ಹೆಚ್ಚಾಯಿತು. 1930ರ ದಶಕದ ಬಸ್ಸಿನ ಫೋಟೋ ಆದರೆ ಮೊದಲು ಆ ಬೋ ಟೈ ಹುಡುಕಿ.

ಸ್ಕೇಲು ಹಿಡಿದು ಅಳೆಯಿರಿ

ಕಾರನ್ನು ಪಕ್ಕದಿಂದ ನೇರವಾಗಿ ತೆಗೆದ ಫೋಟೋ ಇದ್ದರೆ ಒಂದು ಲೆಕ್ಕ ಮಾಡಬಹುದು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ದೂರ ಅಳೆಯಿರಿ. ಅದನ್ನು ಟೈರು ಸೇರಿದ ಚಕ್ರದ ಎತ್ತರದಿಂದ ಭಾಗಿಸಿ. ಮಾಡೆಲ್ ಟಿಗೆ ಆ ದೂರ 100 ಇಂಚು, ಚಕ್ರ 30 ಇಂಚು, ಅಂದರೆ 3.3. ಆಸ್ಟಿನ್ ಸೆವೆನ್ 3ಕ್ಕಿಂತ ಕೆಳಗೆ ಬರುತ್ತದೆ. ರೋಲ್ಸ್ ರಾಯ್ಸ್ ಸಿಲ್ವರ್ ಗೋಸ್ಟ್ 4ರ ಆಸುಪಾಸಿಗೆ ಬರುತ್ತದೆ. ಮುತ್ತಜ್ಜನ ರೋಲ್ಸ್ ರಾಯ್ಸ್ ಕಥೆ ಬೀಳುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಓರೆಯಾಗಿ ತೆಗೆದ ಫೋಟೋಗೆ ಈ ಲೆಕ್ಕ ಹಾಕಿದರೆ ಸುಮ್ನೆ ದಾರಿ ತಪ್ಪುತ್ತದೆ.

ಕಾರಿನ ಸುತ್ತಮುತ್ತ

ನಂಬರ್ ಪ್ಲೇಟು ಓದಲಾದರೆ ಊರು ಸಿಕ್ಕಂತೆ. ಬ್ರಿಟನ್ನಿನಲ್ಲಿ 1904ರ ಜನವರಿಯಿಂದ ನಂಬರು ಕಡ್ಡಾಯ, ಅಕ್ಷರ ಜಿಲ್ಲೆಯನ್ನು ಹೇಳುತ್ತದೆ. ಅಮೆರಿಕದ ಪ್ಲೇಟುಗಳಲ್ಲಿ ಎಷ್ಟೋ ಸಲ ವರ್ಷವನ್ನೇ ಅಚ್ಚು ಹಾಕಿರುತ್ತಾರೆ, ಇದಕ್ಕಿಂತ ಉಪಕಾರ ಬೇರೆ ಬೇಕಾ? ನಮ್ಮ ಕಡೆ ‘ಎಂ ವೈ’ಯಿಂದ ಶುರುವಾಗುವ ನಂಬರು ಕಂಡರೆ ಮೈಸೂರು. ‘ಕೆ ಎ’ ಬಂದದ್ದು ಬಹಳ ಆಮೇಲೆ.

ಹೆಡ್‌ಲೈಟಿಗೆ ಅರ್ಧ ಮುಸುಕು ಹಾಕಿ, ಮಡ್‌ಗಾರ್ಡಿನ ಅಂಚಿಗೆ ಬಿಳಿ ಬಣ್ಣ ಬಳಿದಿದ್ದರೆ ಎರಡನೇ ಮಹಾಯುದ್ಧದ ಕಾಲ. ಗಾಡಿಯ ಹಿಂದೆ ಉದ್ದನೆಯ ಒಲೆಯಂಥ ಡ್ರಮ್ಮು ನೇತಾಡುತ್ತಿದ್ದರೆ ಅದು ಇದ್ದಲಿನ ಗ್ಯಾಸಿನಲ್ಲಿ ಓಡುವ ಗಾಡಿ. ಪೆಟ್ರೋಲ್ ರೇಷನ್ನಿನ 1940ರ ದಶಕದ್ದು, ಕಾರು ಎಷ್ಟೇ ಹಳೆಯದಾಗಿರಲಿ. ಇನ್ನೊಂದು: ಕಾರಿನ ನೆರಳು ನೆಲದ ಮೇಲೆ ಬೀಳದೆ, ಚಕ್ರ ಚಪ್ಪಟೆಯಾಗಿ ಕಂಡರೆ ಅದು ಕಾರೇ ಅಲ್ಲ. ಸ್ಟುಡಿಯೋದವರು ಹಲಗೆಯ ಮೇಲೆ ಬರೆಸಿಟ್ಟ ಚಿತ್ರ. ಜಾತ್ರೆ ಸ್ಟುಡಿಯೋಗಳಲ್ಲಿ ವಿಮಾನವೂ ಸಿಗುತ್ತಿತ್ತು.

ಹೋಲಿಸಿ, ಕೇಳಿ, ಬರೆದಿಡಿ

ಹೋಲಿಸಲು ನಿಜವಾದ ಕಾರು ನೋಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಧರ್ಮಸ್ಥಳದ ಹಳೇ ಕಾರುಗಳ ಸಂಗ್ರಹ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಮ್ಯೂಸಿಯಂ, ಕೊಯಮತ್ತೂರಿನ ಜೀಡೀ ಕಾರ್ ಮ್ಯೂಸಿಯಂ ನಮಗೆ ಹತ್ತಿರದವು. ಹೋಗುವಾಗ ಫೋಟೋದ ಪ್ರಿಂಟು ಕೈಯಲ್ಲಿರಲಿ. ಅಲ್ಲಿನ ಕಾರನ್ನು ನಿಮ್ಮ ಫೋಟೋದ ಕೋನದಿಂದಲೇ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಮನೆಗೆ ಬಂದು ಪಕ್ಕಪಕ್ಕ ಇಟ್ಟು ನೋಡಿ.

ತಿಳಿದವರನ್ನು ಕೇಳುವಾಗ ಫೋಟೋವನ್ನು ಕತ್ತರಿಸಿ ಕಳಿಸಬೇಡಿ. ಪೂರ್ತಿ ಫೋಟೋ ಒಂದು, ರೇಡಿಯೇಟರ್, ಹಬ್ ಕ್ಯಾಪು, ಮುಂದಿನ ಆಕ್ಸಲ್ ಹಿಗ್ಗಿಸಿದ್ದು ಮೂರು. ‘ಇದು ಯಾವ ಕಾರು?’ ಅಂತ ಕೇಳುವ ಬದಲು ‘ಫೋರ್ಡ್ ಅಲ್ಲ, ಮುಂದಿನ ಬ್ರೇಕು ಇಲ್ಲ, ಮುಂದೆ 10 ಕಡ್ಡಿ ಹಿಂದೆ 12’ ಅಂತ ಕೇಳಿ. ಉತ್ತರ ಬೇಗ ಬರುತ್ತದೆ.

ಕೊನೆಗೆ ಸಿಕ್ಕಿದ್ದನ್ನು ಫೋಟೋದ ಹಿಂದೆ ಮೆತ್ತಗಿನ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್ ಪೆನ್ ಬೇಡ, ಅಚ್ಚು ಮುಂದಕ್ಕೆ ಮೂಡುತ್ತದೆ. ಹೆಸರಷ್ಟೇ ಬರೆಯದೆ ಹೇಗೆ ಗೊತ್ತಾಯಿತು ಅನ್ನುವುದನ್ನೂ ಬರೆದರೆ ಮುಂದೆ ನೋಡುವವರು ತಿದ್ದಬಹುದು. ಹೀಗೆ: ‘ಫೋರ್ಡ್ ಮಾಡೆಲ್ ಟಿ, ತೆರೆದ ಕಾರು, ಬಲಗಡೆ ಸ್ಟೀರಿಂಗ್, ಬಹುಶಃ ಕೆನಡಾ. ಕಾರು 1917–22: ಕಪ್ಪು ರೇಡಿಯೇಟರ್, ಉಬ್ಬು ಮಡ್‌ಗಾರ್ಡು, ನೆಟ್ಟಗಿನ ಗಾಜು. ಫೋಟೋ 1923ರ ನಂತರ: ಬಲೂನ್ ಟೈರು ಆಮೇಲೆ ಹಾಕಿಸಿದ್ದು. ಕಾರು ಯಾರದು ಗೊತ್ತಿಲ್ಲ.’